ಮುಗಿದದ್ದೋ, ಇನ್ನೂ ಇರುವುದೋ?

"ಯೆಸ್ಟರ್‌ಡೇ ಐ ವಿಲ್ ಫಾಲ್ ಇನ್ ದಿ ಬಾತ್‌ರೂಮ್!"

ಗಗನಾ ಎದ್ದು ನಿಂತು ಧೈರ್ಯವಾಗಿ ಹೇಳಿಬಿಟ್ಟಳು. ಹಿಂದಿನ ಬೆಂಚಿನಿಂದ ಗಂಡಸಿನ ನಗು ಸಿಡಿಯಿತು!

ಕೊಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ, ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ರೇಣುಕಪ್ಪ ಮೇಷ್ಟ್ರ ಬುಧವಾರದ ಇಂಗ್ಲಿಷ್ ಕ್ಲಾಸು. ಗಗನಾಗೆ ಅದು ಮೊದಲ ದಿನ. ಅವಳು ಶೃಂಗೇರಿಯ ಲಾಡ್ಜೊಂದರ ರಿಸೆಪ್ಶನ್‌ನಲ್ಲಿದ್ದಳು. ಸಂಜೆ ಖಾಲಿಯಾಗಬೇಕಿದ್ದ ರೂಮನ್ನು 'ಆಗಲೇ ಖಾಲಿಯಾಯ್ತು' ಎಂದು ಇಂಗ್ಲಿಷಿನಲ್ಲಿ ಹೇಳಿ ಚೆನ್ನೈನವರ ಸಂಸಾರವನ್ನು ಮೇಲೆ ಕಳಿಸಿದ್ದಳು. ಒಳಗೆ ಇನ್ನೊಬ್ಬರು ಸ್ನಾನ ಮಾಡುತ್ತಿದ್ದರು! "ಟೆನ್ಸ್ ಕಲ್ತು ಬಾ, ಇಲ್ದಿದ್ರೆ ಕಷ್ಟ" ಎಂದು ಓನರ್ ಗದರಿದ್ದರು.

ಈಗ ಇಲ್ಲಿಯೂ ಅವಮಾನ! ಅವಳು ಸರಕ್ಕನೆ ತಿರುಗಿದಳು.

"ನಿಮ್ಗೆ ಅಷ್ಟು ಚಂದ ಬರೋದಾದ್ರೆ ಇಲ್ಲಿಗೆ ಯಾಕೆ ಬಂದ್ರಿ?"

ನಕ್ಕವನ ನಗು ನಿಂತಿತು. ಬಿಸಿಲಿಗೆ ಕಂದಿದ ಮುಖ, ತಿಳಿಯಾದ ಕಣ್ಣು.

"ಶಶಿಕಿರಣ, ನೀನು ಏಳು. ಟುಮಾರೋ ಅಂತ ಶುರು ಮಾಡಿ ಒಂದು ವಾಕ್ಯ ಹೇಳು ನೋಡುವ" ಎಂದರು ಮೇಷ್ಟ್ರು.

ಅವನು ಎದ್ದ. ಗಗನಾಳ ಕೆಂಪಾದ ಮುಖ ನೋಡಿದ.

"ಟುಮಾರೋ ಐ ಫೆಲ್ ಇನ್ ದಿ ರಿವರ್."

ಕ್ಲಾಸು ಈಗ ಅವನನ್ನು ನೋಡಿ ನಕ್ಕಿತು. ಗಗನಾ ನಗಲಿಲ್ಲ. 'ಇವನಿಗೆ ನಿಜಕ್ಕೂ ಬರಲ್ವಾ? ಅಥವಾ... ನನಗೋಸ್ಕರ ಬೇಕಂತಲೇ ತಪ್ಪು ಹೇಳಿದನಾ?'

ಅವನ ವಿಷಯದಲ್ಲಿ ಅವಳಿಗೆ ಗೊಂದಲ ಶುರುವಾಗಿದ್ದೇ ಅಲ್ಲಿಂದ.

ಶಶಿಕಿರಣ ನರಸಿಂಹರಾಜಪುರದವನು. ಭದ್ರಾ ಹಿನ್ನೀರಿನ ಕಡೆ ಹಕ್ಕಿಗಳ ಫೋಟೋ ತೆಗೆಯಲು ಬರುವವರನ್ನು ಜೀಪಿನಲ್ಲಿ ಸುತ್ತಿಸುತ್ತಿದ್ದ. "ಹಕ್ಕಿ ಹಾರಿ ಹೋಯ್ತು ಅನ್ನೋದಕ್ಕೂ ಹಾರ್ತಾ ಉಂಟು ಅನ್ನೋದಕ್ಕೂ ವ್ಯತ್ಯಾಸ ಗೊತ್ತಿಲ್ದಿದ್ರೆ ಅವ್ರು ಕ್ಯಾಮೆರಾ ಎತ್ತೋದು ಯಾವಾಗ ಮಾರಾಯ್ರೆ?" ಎಂದು ಅವನು ಹೇಳಿದಾಗ ಗಗನಾಗೆ ಮೊದಲ ಸಲ ನಗು ಬಂತು.

ಬುಧವಾರಗಳು ಉರುಳಿದವು. ಕ್ಲಾಸು ಮುಗಿದ ಮೇಲೆ ಅವನು ಶೃಂಗೇರಿ ಬಸ್ಸು ಬರುವತನಕ ಅವಳ ಜೊತೆ ನಿಲ್ಲುತ್ತಿದ್ದ. ಬಸ್ಸು ಕಾಣಿಸಿದರೆ ಇಬ್ಬರ ಮಾತೂ ಅರ್ಧಕ್ಕೇ ನಿಲ್ಲುತ್ತಿತ್ತು. 'ಇದೆಂತ? ಬರೀ ಸ್ನೇಹವಾ? ಕೇಳೋದು ಹೇಗೆ?' ಕಿಟಕಿಯ ಪಕ್ಕ ಕೂತು ಹರಿಹರಪುರ ದಾಟುವವರೆಗೂ ಅವಳಿಗೆ ಇದೇ ಯೋಚನೆ.

ಒಂದು ಬುಧವಾರ ಮೇಷ್ಟ್ರು 'ಹ್ಯಾವ್' ಬಳಸುವುದನ್ನು ಹೇಳಿಕೊಟ್ಟರು. "ಸುಳ್ಳು ಬೇಡ. ನಿಮ್ಮ ಜೀವನದ್ದೇ ಒಂದೊಂದು ನಿಜವಾದ ವಾಕ್ಯ ಹೇಳಿ" ಎಂದರು.

ಶಶಿಕಿರಣ ಎದ್ದ. ಅಂದು ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಗಗನಾಳನ್ನೇ ನೋಡುತ್ತಾ, ಒಂದೊಂದೇ ಪದ ಜೋಡಿಸಿದ.

"ಐ... ಹ್ಯಾವ್ ಲವ್ಡ್ ಎ ಗರ್ಲ್... ಫಾರ್ ಮೆನಿ ಇಯರ್ಸ್."

ಗಗನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೆನಿ ಇಯರ್ಸ್? ಬಹಳ ವರ್ಷ? ತನಗೂ ಅವನಿಗೂ ಪರಿಚಯವಾಗಿ ಕೆಲವೇ ತಿಂಗಳು! ಹಾಗಾದರೆ... ಇನ್ನೊಬ್ಬಳು!

"ಮೇಷ್ಟ್ರೇ," ಅವಳು ಎದ್ದು ಕೇಳಿದಳು, "ಹಾಗಂದ್ರೆ ಅದು ಮುಗಿದದ್ದಾ, ಇನ್ನೂ ಇರೋದಾ?"

"ಒಳ್ಳೇ ಪ್ರಶ್ನೆ! ಹ್ಯಾವ್ ಇದ್ದು, ಇಷ್ಟು ವರ್ಷದಿಂದ ಅಂತಲೂ ಹೇಳಿದ್ರೆ ಅದು ಇವತ್ತಿಗೂ ನಡೀತಾ ಇದೆ ಅಂತ ಅರ್ಥ ಕಣಮ್ಮ."

ಅವಳು ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದಳು. "ಗಗನಾ, ನಿಲ್ಲಿ!" ಹಿಂದಿನಿಂದ ಶಶಿಕಿರಣನ ಕೂಗು. ಎದುರಿಗೆ ಸಿಕ್ಕಿದ ಬಸ್ಸು ಹತ್ತಿಬಿಟ್ಟಳು.

ಮತ್ತೆ ಕ್ಲಾಸಿಗೆ ಹೋಗಲಿಲ್ಲ. ಅವನ ಫೋನ್ ಎತ್ತಲಿಲ್ಲ. ಸಿಟ್ಟಾ? ದುಃಖವಾ? ತನ್ನದಲ್ಲದ್ದಕ್ಕೆ ಅಳುವುದು ಸರಿಯಾ? ಯಾವುದೂ ತಿಳಿಯದೆ ಒಬ್ಬ ಅತಿಥಿಯ ಕೀಯನ್ನು ಇನ್ನೊಬ್ಬರಿಗೆ ಕೊಡುತ್ತಿದ್ದಳು.

ಅಷ್ಟರಲ್ಲಿ ಹರಿಹರಪುರದಿಂದ ಅಮ್ಮ ಶಾರದಾಂಬ ಫೋನ್ ಮಾಡಿದರು. "ಭಂಡಿಗಡಿಯವ್ರು ಶುಕ್ರವಾರ ಹೆಣ್ಣು ನೋಡೋಕೆ ಬರ್ತಾರಂತೆ ಕೂಸೇ. ಎಂತ ಹೇಳ್ಲಿ?"

"ನಿಂಗೆ ಹೇಗೆ ಸರಿ ಕಾಣ್ತದೋ ಹಾಗೆ ಮಾಡು" ಎಂದು ಹೇಳಿ, ಬಾಗಿಲ ಹಿಂದೆ ಹೋಗಿ ಅತ್ತಳು.

ಗುರುವಾರ ಮಧ್ಯಾಹ್ನ. ಕೌಂಟರಿನ ಮುಂದೆ ನೆರಳು ಬಿತ್ತು. ತಲೆಯೆತ್ತಿದಳು. ಶಶಿಕಿರಣ!

"ರೂಮ್ ಖಾಲಿ ಇಲ್ಲ" ಎಂದಳು.

"ರೂಮಿಗೆ ಬರಲಿಲ್ಲ ನಾನು. ತಪ್ಪು ಹೇಳಿದ್ದೆ, ಸರಿ ಮಾಡೋಕೆ ಬಂದೆ." ಅವನು ಏದುಸಿರು ಬಿಡುತ್ತಿದ್ದ. "ಮದುವೆ ಯಾವಾಗಪ್ಪಾ ಅಂತ ಮೇಷ್ಟ್ರು ನಿನ್ನೆ ಕೇಳಿದ್ರು. ಯಾರ ಮದುವೆ, ಆ ಹುಡುಗಿ ಮದುವೆಯಾಗಿ ಮಗು ಕೂಡ ಆಯ್ತಲ್ಲ ಮೇಷ್ಟ್ರೇ ಅಂದೆ. ಅವ್ರು ಹಣೆ ಚಚ್ಚಿಕೊಂಡ್ರು! ಹ್ಯಾವ್ ಹಾಕಿದ್ರೆ ಇನ್ನೂ ನಡೀತಾ ಉಂಟು ಅಂತ ಆಗ್ತದಂತೆ; ಅವತ್ತು ನಿಮ್ಮನ್ನೇ ನೋಡ್ತಾ ಇದ್ದೆ, ಮೇಷ್ಟ್ರು ಹೇಳಿದ್ದು ನನ್ನ ಕಿವಿಗೇ ಬೀಳಲಿಲ್ಲ."

"ಅಂದ್ರೆ...?" ಎಂದಳು ಗಗನಾ.

"ಹಿಂದೆ ಒಬ್ಬಳನ್ನ ಪ್ರೀತಿಸಿದ್ದೆ. ಮುಗೀತು. ನಿಮ್ಮನ್ನ ಕೇಳೋಕೆ ಮೊದಲು ಅದನ್ನ ನಿಮಗೆ ತಿಳಿಸಬೇಕು ಅನ್ನಿಸ್ತು. ಕನ್ನಡದಲ್ಲಿ ಹೇಳೋಕೆ ಧೈರ್ಯ ಬರಲಿಲ್ಲ. ಇಂಗ್ಲಿಷಲ್ಲಿ ಹೇಳಿ ಹಾಳು ಮಾಡಿದೆ!"

ಅವಳ ಕಣ್ಣು ತುಂಬಿತು. ಆದರೂ ಕೇಳದೆ ಇರಲಾಗಲಿಲ್ಲ. "ಈಗ ಅವ್ರ ನೆನಪು ಬರಲ್ವಾ?"

ಅವನು ಕೌಂಟರಿನ ಮೇಲೆ ಕೈಯೂರಿದ.

"ಅಪರೂಪಕ್ಕೆ ಬರ್ತದೆ. ಸುಳ್ಳು ಹೇಳಲ್ಲ. ಆದ್ರೆ ಬುಧವಾರ ನಿಮ್ಮ ಬೆಂಚು ಖಾಲಿ ಕಂಡಾಗ ಆದ ಹಾಗೆ ನನಗೆ ಯಾವತ್ತೂ ಆಗಿರಲಿಲ್ಲ."

'ಇಲ್ಲವೇ ಇಲ್ಲ' ಎಂದಿದ್ದರೆ ಅವಳು ನಂಬುತ್ತಿದ್ದಳೋ ಇಲ್ಲವೋ... ಈ ಮಾತನ್ನು ನಂಬಿದಳು. ಫೋನ್ ಎತ್ತಿಕೊಂಡಳು.

"ಅಮ್ಮಾ, ಭಂಡಿಗಡಿಯವ್ರಿಗೆ ಬರೋದು ಬೇಡ ಅನ್ನು."

"ಅಯ್ಯೋ! ಎಂತಕ್ಕೇ?"

"ಇಲ್ಲಿ ಒಬ್ರು ಇದ್ದಾರೆ..."

"ಯಾರು? ಯಾವ ಊರು? ಯಾರ ಮನೆ ಮಾಣಿ?"

ಅವಳು ಫೋನನ್ನು ಅವನತ್ತ ಚಾಚಿದಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಮಸ್ಕಾರ ಅಮ್ಮಾ... ನಾನು... ಜೀಪು... ಅಲ್ಲ, ಶಶಿಕಿರಣ..."

ಆ ಕಡೆ ಶಾರದಾಂಬ ನಿಟ್ಟುಸಿರು ಬಿಟ್ಟಿದ್ದು ಇಬ್ಬರಿಗೂ ಕೇಳಿಸಿತು. "ಹೆದರಬೇಡ ಮಾರಾಯ. ನಾಳೆ ನೀನೇ ಮನೆಗೆ ಬಾ. ನಿಂಗೆ ಕಾಫಿಯಾ, ಕಷಾಯವಾ?"

ಅವನು ದಿಕ್ಕು ತೋಚದೆ ಗಗನಾಳ ಮುಖ ನೋಡಿದ.

"ಕಷಾಯ ಅನ್ನಿ" ಎಂದು ಅವಳು ಕಣ್ಣೊರೆಸಿಕೊಳ್ಳುತ್ತಾ ಪಿಸುಗುಟ್ಟಿದಳು. "ಅಮ್ಮನಿಗೆ ಖುಷಿಯಾಗ್ತದೆ."

"ನಿನಗೆ?" ಎಂದ ಅವನು, ಮೊದಲ ಸಲ ಏಕವಚನದಲ್ಲಿ.

"ನಂಗೆ ಆಗ್ಲೇ ಆಗಿದೆ."