ಮೇಷ್ಟ್ರು ಹಿಡಿದ ಲಾಕ್

ಎರಡು ಕೆಲಸಗಳು ಒಂದೇ ಮಾಹಿತಿಗೆ ಒಮ್ಮೆಲೇ ಕೈಹಾಕಿದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನೆಲ್ ಕೆಡುತ್ತದೆ. ಅದಕ್ಕೇ, ಆಫೀಸಿನಲ್ಲಿ ನಾವು ಮೇಷ್ಟ್ರು ಎನ್ನುತ್ತಿದ್ದ ಹಿರಿಯರು, ಹಿಡಿದ ಕೆಲಸ ಬಿಡುವತನಕ ಇನ್ನೊಂದನ್ನು ತಡೆಯುವ ಲಾಕ್ ಒಂದನ್ನು ಅಲ್ಲಿ ಬರೆದಿದ್ದರು. ವೇಗದ ಆಸೆಗೆ ನಾನದನ್ನು ತೆಗೆದೆ. ಯಂತ್ರಗಳು ಕೈಕೊಟ್ಟಾಗ ತಪ್ಪನ್ನು ಅವರ ತಲೆಗೆ ಕಟ್ಟಿದೆ. ಅವರ ಕೆಲಸ ಹೋಯಿತು. ತಿಂಗಳೊಳಗೆ ತೀರಿಕೊಂಡರು.

ಸುದ್ದಿ ಬಂದ ಮಧ್ಯಾಹ್ನ ಲಾಕನ್ನು ಮತ್ತೆ ಹಾಕಿ ಓಡಿಸಿದೆ. ಯಂತ್ರ ನಿಂತುಬಿಟ್ಟಿತು. ಪರದೆಯಲ್ಲಿ, ಲಾಕ್ ಹಿಡಿದವರ ಜಾಗದಲ್ಲಿ ಮೇಷ್ಟ್ರ ಹೆಸರಿತ್ತು. ಅವರ ಲಾಗಿನ್ ಖಾತೆಯನ್ನು ಎಂದೋ ನಾನೇ ಅಳಿಸಿದ್ದೆ. ಯೋಚಿಸುವಾಗ ಅವರು ಬೆರಳಿನಿಂದ ಕುಟ್ಟುತ್ತಿದ್ದಂತೆಯೇ ಅವರ ಖಾಲಿ ಮೇಜಿನಿಂದ ಟಕ್ ಟಕ್ ಕೇಳಿಸಿತು.

"ತಪ್ಪು ನಂದೇ ಮೇಷ್ಟ್ರೇ," ಎಂದು ಪಿಸುಗುಟ್ಟಿದೆ. ಲಾಕ್ ಬಿಟ್ಟಿತು, ಯಂತ್ರ ಓಡತೊಡಗಿತು.

ಅಷ್ಟರಲ್ಲಿ ಮ್ಯಾನೇಜರ್ ಬಂದು, "ಏನ್ರೀ ಆಗಿತ್ತು?" ಎಂದರು.

"ಮೇಷ್ಟ್ರ ಹಳೇ ಎಡವಟ್ಟು ಸಾರ್," ಎಂದುಬಿಟ್ಟೆ.

ಯಂತ್ರ ಮತ್ತೆ ನಿಂತಿತು. ನಾನು ಅದರ ಕರೆಂಟಿನ ವೈರ್ ಕಿತ್ತು ಎಂಟು ದಿನವಾಯಿತು. ಪರದೆಯ ಮೇಲೆ ಆ ಹೆಸರು ಇನ್ನೂ ಆರಿಲ್ಲ.