ಗೂಳಿಯ ಮಂಡಿ, ಪೇಂಟರನ ಭುಜ

ಆ ದಿನ ಪೇಂಟರನ ನೋವು ಬಲಭುಜದಿಂದ ಎಡಭುಜಕ್ಕೆ ಬಂದಿತ್ತು.

"ಇಲ್ಲೇ ಮೇಡಂ. ಕೈ ಎತ್ತಿದ್ರೆ ಸಾಕು, ಪ್ರಾಣ ಹೋಗುತ್ತೆ," ಎಂದು ಅವನು ಎಡಭುಜ ತೋರಿಸಿದ.

ಅವಳು ಆ ಭುಜದ ಮೇಲೆ ಬೆರಳಿಟ್ಟಳು. ಹೋದ ಸಲ ಒತ್ತಿ, ತಿರುವಿ, ಶಾಖ ಕೊಟ್ಟು ಕಳಿಸಿದ್ದು ಬಲಭುಜಕ್ಕೆ. ಫಿಸಿಯೋಥೆರಪಿ ಓದಿ ಕ್ಲಿನಿಕ್ ತೆರೆದ ಮೇಲೆ ಅವಳು ಬಗೆಬಗೆಯ ನೋವು ನೋಡಿದ್ದಳು. ಮನೆ ಬದಲಾಯಿಸುವ ನೋವನ್ನು ಮಾತ್ರ ನೋಡಿರಲಿಲ್ಲ.

"ಎಡಗಡೆನಾ?"

"ಹೂಂ."

"ಮೊದಲಿಂದಲೂ?"

ಅವನು ಅವಳ ಮುಖ ನೋಡಿದ, ಮೆಲ್ಲಗೆ ಬಲಭುಜ ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಕಣ್ಣೆದುರೇ ನಡೆದದ್ದನ್ನು ಅವಳು ಅಂದೇ ಕಂಡಳು.

ಬೇರೆ ದಿನಗಳಾಗಿದ್ದರೆ ನಕ್ಕುಬಿಡುತ್ತಿದ್ದಳು. ಆದರೆ ಈಗ ಊರಿನಲ್ಲಿ ಯಾರನ್ನೂ ನಂಬುವ ಹಾಗಿರಲಿಲ್ಲ.

ಕಾರಣ ಗೂಳಿಯ ಮಂಡಿ. ಊರಿನ ಫುಟ್‌ಬಾಲ್ ತಂಡದಲ್ಲಿ ಗೋಲು ಹೊಡೆಯುವವನು ಅವನೊಬ್ಬನೇ, ಉಳಿದವರು ಓಡುವವರು. ಎದುರಾಳಿಗಳ ನಡುವೆ ತಲೆ ತಗ್ಗಿಸಿ ನುಗ್ಗುತ್ತಾನೆ ಎಂದು ಜನ ಅವನಿಗೆ ಗೂಳಿ ಎಂದು ಹೆಸರಿಟ್ಟಿದ್ದರು. ಲೀಗಿನ ನಡುವೆ ಮಂಡಿ ತಿರುಚಿಕೊಂಡು ಸ್ಟ್ರೆಚರಿನ ಮೇಲೆ ಹೊರಗೆ ಹೋದವನು ಇವಳ ಕ್ಲಿನಿಕ್ಕಿಗೆ ಬಂದು ಬಿದ್ದಿದ್ದ. ಭಾನುವಾರ ಪ್ಲೇಆಫ್. ಗೆದ್ದರೆ ಮೇಲಿನ ಡಿವಿಜನ್, ಸೋತರೆ ಮತ್ತೆ ಅದೇ ಕೆಸರಿನ ಮೈದಾನಗಳು. ಗೂಳಿ ಆಡುತ್ತಾನಾ ಇಲ್ಲವಾ? ಊರಿಗೆ ಬೇರೆ ಮಾತೇ ಇರಲಿಲ್ಲ. ಉತ್ತರ ಗೊತ್ತಾಗಬೇಕಾದದ್ದು ಗೂಳಿಗೆ, ಕೋಚ್‌ಗೆ, ಅವಳಿಗೆ ಮಾತ್ರ. ಎದುರಿನ ತಂಡದ ಕಿವಿಗೆ ಬಿದ್ದರೆ ಕೆಟ್ಟಿತು ಎಂದು ಕೋಚ್ ಅವಳಿಂದ ಮಾತು ತೆಗೆದುಕೊಂಡಿದ್ದರು.

ಅಂದಿನಿಂದ ಊರು ಅವಳಿಗೆ ಬೆಣ್ಣೆ ಹಚ್ಚತೊಡಗಿತು. ಅವಳಿಗೆ 'ಮಂಡಿ ಮೇಡಂ' ಎಂದು ಹೆಸರು ಬಿತ್ತು. ತರಕಾರಿಯವನು ತೂಕದ ಮೇಲೆ ಇನ್ನೊಂದು ಹಿಡಿ ಹಾಕಿ, "ಹೇಗಿದೆ ಮೇಡಂ?" ಎಂದು ಹಲ್ಲು ಕಿರಿಯುತ್ತಿದ್ದ. ಬಸ್ಸು ಸ್ಟಾಪು ಬಿಟ್ಟು ಅವಳ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಎಂದೂ ಮುಖ ಕೊಟ್ಟು ಮಾತಾಡದ ಮಹಡಿಯ ಮನೆಯಾತ ಅವಳ ಗ್ಯಾಸ್ ಸಿಲಿಂಡರ್ ಹೊತ್ತು ತಂದ. ಅತಿವಿನಯಂ ಧೂರ್ತಲಕ್ಷಣಂ.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಜೊತೆಗಿದ್ದ ಚಿಕ್ಕಮ್ಮ ಒಂದು ಪಂದ್ಯವನ್ನೂ ಬಿಟ್ಟವಳಲ್ಲ. "ನೀನು ಬಾಯಿ ಬಿಡಬೇಡ ಕಣೇ. ಆಡ್ತಾನೆ ಅಂದ್ರೆ ಒಂದು ಸಲ ಕೆಮ್ಮು, ಇಲ್ಲ ಅಂದ್ರೆ ಎರಡು ಸಲ," ಎಂದು ಹೇಳಿದ್ದಳು. ಆಮೇಲೆ ಗಂಟಲು ಕೆರೆದರೂ ಅವಳು ಮನೆಯಲ್ಲಿ ಕೆಮ್ಮುವಂತಿರಲಿಲ್ಲ.

ಇಂಥ ದಿನಗಳಲ್ಲೇ ಬೋರ್ಡು ಬರೆಯುವ ಪೇಂಟರ್ ಭುಜ ಹಿಡಿದುಕೊಂಡು ಬಂದದ್ದು. ಅವನು ಅಭಿಮಾನಿ ಬಳಗದ ಪೇಂಟರ್ ಕೂಡ. ದೊಡ್ಡ ಪಂದ್ಯಕ್ಕೆ ಗ್ಯಾಲರಿಯ ಮೇಲಿಂದ ಇಳಿಬಿಡುವ ಬ್ಯಾನರಿನಲ್ಲಿ ಆಟಗಾರರ ಮುಖ ಬರೆಯುವವನು ಅವನೇ. ಆದರೆ ಮಂಡಿಯ ವಿಷಯ ಅವನು ಒಮ್ಮೆಯೂ ಎತ್ತಿರಲಿಲ್ಲ. ಊರೆಲ್ಲ ಕೇಳುವಾಗ ಇವನೊಬ್ಬ ಯಾಕೆ ಕೇಳುವುದಿಲ್ಲ? ಕೇಳುವವರಿಗಿಂತ ಕೇಳದವನ ಮೇಲೇ ಅವಳಿಗೆ ಹೆಚ್ಚು ಅನುಮಾನ.

ಅವನ ಉಗುರಿನ ಸಂದಿಯಲ್ಲಿ ದಿನಕ್ಕೊಂದು ಬಣ್ಣ ಇರುತ್ತಿತ್ತು. ನಗುವಾಗ ಅವನ ಒಂದು ಕಣ್ಣು ಮೊದಲು ಮುಚ್ಚುತ್ತಿತ್ತು, ಇನ್ನೊಂದು ಅವಳು ನಕ್ಕಳೋ ಇಲ್ಲವೋ ಎಂದು ನೋಡಿಕೊಂಡು ಆಮೇಲೆ ಮುಚ್ಚುತ್ತಿತ್ತು. ಅವನು ಬರುವ ದಿನ ಅವಳು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲತೊಡಗಿದ್ದಳು. ಅವನು ಅವಳಿಗೆ ಇಷ್ಟವಾಗಿದ್ದ. ಭಾನುವಾರ ಮುಗಿದು, ಮಂಡಿಯ ಹಂಗು ಹರಿದ ಮೇಲೆ ಅವನು ಈ ಕಡೆ ತಲೆ ಹಾಕದಿದ್ದರೆ ತನ್ನ ಗತಿಯೇನು ಎಂಬುದೇ ಅವಳ ಭಯ.

ಗುರುವಾರ ಬೆಳಿಗ್ಗೆ ಅವಳು ಗೂಳಿಯನ್ನು ಓಡಿಸಿ, ಹಾರಿಸಿ, ತಿರುಗಿಸಿ ನೋಡಿದಳು. ಮಂಡಿ ಗಟ್ಟಿಯಾಗಿತ್ತು. ಆಡಬಹುದು ಎಂದು ಕೋಚ್‌ಗೆ ಹೇಳಿದಳು. ಸಂಜೆ ಪೇಂಟರ್ ಎಡಭುಜದ ನೋವು ತಂದದ್ದು ಅದೇ ದಿನ.

ಅವನ ಕೈಯನ್ನು ಮೇಲೆತ್ತಿ ಹಿಡಿದೇ ಅವಳು ಸುಮ್ಮನೆ ಮಾತಿಗೆ ಎಂಬಂತೆ ಹೇಳಿದಳು: "ಯಾರಿಗೂ ಹೇಳಬೇಡಿ. ಗೂಳಿ ಭಾನುವಾರ ಆಡಲ್ಲ."

ಅಪ್ಪಟ ಸುಳ್ಳು. ಸುಳ್ಳಾದ್ದರಿಂದ ಗುಟ್ಟು ಒಡೆದಂತಾಗಲಿಲ್ಲ, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ ಎಂದು ಅವಳ ಲೆಕ್ಕಾಚಾರ. ಇವನು ಬಾಯಿ ಬಿಟ್ಟರೆ ಶನಿವಾರ ಬರೆಯುವ ಬ್ಯಾನರಿನಲ್ಲಿ ಗೂಳಿಯ ಮುಖ ಇರುವುದಿಲ್ಲ, ಇವನ ಬಣ್ಣ ಬಯಲಾಗುತ್ತದೆ.

ಅವನ ಮುಖ ಬಾಡಿತು. "ಪಾಪ, ಅವನಿಗೆ ಎಷ್ಟು ಬೇಜಾರಾಗಿರುತ್ತೆ," ಎಂದ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ಇದನ್ನ ನೀವು ನನಗೆ ಹೇಳಬಾರದಿತ್ತು ಮೇಡಂ," ಎಂದೂ ಸೇರಿಸಿದ.

ಎಂಥ ನಾಟಕ, ಎಂದುಕೊಂಡಳು ಅವಳು. ಆದರೂ ಅವನು ಹೋದ ಮೇಲೆ ಮನಸ್ಸಿಗೆ ಚುಚ್ಚಿತು.

ಶನಿವಾರ ಸಂಜೆ ಚಿಕ್ಕಮ್ಮನ ಜೊತೆ ಅವಳೂ ಬೇಕರಿಯ ಹಿಂದಿನ ಗೋಡೌನಿಗೆ ಹೋದಳು. ಹಿಟ್ಟಿನ ಮೂಟೆಗಳನ್ನೆಲ್ಲ ಗೋಡೆಗೆ ಒತ್ತರಿಸಿ ನೆಲದ ತುಂಬ ಬ್ಯಾನರಿನ ಬಟ್ಟೆ ಹಾಸಿದ್ದರು. ಉಳಿದ ಆಟಗಾರರ ಮುಖಗಳು ಒಣಗುತ್ತಿದ್ದವು. ನಟ್ಟನಡುವಿನ ಜಾಗ ಖಾಲಿ. ಪಕ್ಕದಲ್ಲಿ ಪೇಂಟರ್ ಬ್ರಷ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.

ಖಾಲಿ! ಹೇಳಿಬಿಟ್ಟಿದ್ದಾನೆ. ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಆದರೆ ಅಲ್ಲಿ ಇನ್ನೂ ಜಗಳ ನಡೆದಿತ್ತು.

"ಗೂಳಿ ಇಲ್ಲದ ಬ್ಯಾನರ್ರಾ? ಅದರ ಬದಲು ನನ್ನ ಬೇಕರಿ ಪರದೆ ಕಟ್ಟಿ," ಎಂದು ಕೂಗಾಡುತ್ತಿದ್ದವರು ಬಳಗದ ಅಧ್ಯಕ್ಷರಾದ ಬೇಕರಿಯವರು. "ಬುಧವಾರ ಅವನು ಮೆಟ್ಟಿಲು ಹತ್ತಿದ್ದನ್ನ ನಾನೇ ನೋಡಿದೀನಿ. ಎರಡೆರಡು ಮೆಟ್ಟಿಲು ಹಾರ್ತಿದ್ದ!"

"ಮೆಟ್ಟಿಲು ಹತ್ತೋದಕ್ಕೂ ಫುಟ್‌ಬಾಲ್ ಆಡೋದಕ್ಕೂ ವ್ಯತ್ಯಾಸ ಇಲ್ವೇನ್ರೀ? ಹಾಗಾದ್ರೆ ನಮ್ಮತ್ತೆನ ಸೆಂಟರ್ ಫಾರ್ವರ್ಡ್ ಮಾಡಿ," ಎಂದರು ನಿವೃತ್ತ ಡ್ರಿಲ್ ಮೇಷ್ಟ್ರು. "ಲಿಗಮೆಂಟ್ ಅಂದ್ರೆ ಹರಿದ ಚೀಲ ಅಲ್ಲ, ಒಂದು ಹೊಲಿಗೆ ಹಾಕಿ ಕೊಡೋಕೆ. ಆತುರಕ್ಕೆ ಆಡಿಸಿದ್ರೆ ಹುಡುಗನ ಕಾಲು ಜನ್ಮಕ್ಕೂ ಹೋಗುತ್ತೆ."

"ಬಾಯಲ್ಲಿ ಒಳ್ಳೆ ಮಾತು ಬರಲಿ!" ಎಂದಳು ಚಿಕ್ಕಮ್ಮ. "ಅರ್ಧ ಕಾಲಲ್ಲಿ ಬಂದು ನಿಂತ್ರೂ ಸಾಕು, ಎದುರಿನವರು ಇಬ್ಬರು ಅವನನ್ನೇ ಕಾಯ್ಕೊಂಡಿರ್ತಾರೆ."

"ಬಾರದೇ ಹೋದ್ರೆ? ಹಿಂದಿನ ಪೇಂಟರ್ ಕಥೆ ಮರೆತ್ರಾ?" ಎಂದರು ಮೇಷ್ಟ್ರು.

ಬಳಗದಲ್ಲಿ ಒಂದು ಕಟ್ಟಳೆಯಿತ್ತು: ಬ್ಯಾನರಿನಲ್ಲಿ ಇದ್ದವನು ಮೈದಾನದಲ್ಲಿ ಇರಲೇಬೇಕು. ಹಿಂದೊಮ್ಮೆ ಜ್ವರ ಬಂದು ಮನೆಯಲ್ಲಿ ಮಲಗಿದ್ದ ಗೋಲ್‌ಕೀಪರನ ಮುಖ ಬರೆದು, ತಂಡ ಹೀನಾಯವಾಗಿ ಸೋತು, ಆಗಿನ ಪೇಂಟರನಿಂದ ಬ್ರಷ್ ಕಿತ್ತುಕೊಂಡಿದ್ದರು. ಅವನು ಆಮೇಲೆ ಗ್ಯಾಲರಿಯ ಕಡೆ ಮುಖ ಹಾಕಲಿಲ್ಲ.

ಬೇಕರಿಯವರು ಪೇಂಟರನ ಕಡೆ ತಿರುಗಿದರು. "ನೀನು ಮೇಡಂ ಕ್ಲಿನಿಕ್ಕಿಗೆ ಹೋಗ್ತಾ ಬರ್ತಾ ಇದ್ದೀಯಲ್ಲಪ್ಪ. ಏನಾದ್ರೂ ಗೊತ್ತಿದ್ರೆ ಈಗಲೇ ಉಸುರು. ನಾಳೆ ಅವನು ಬರಲಿಲ್ಲ ಅಂದ್ರೆ ಹೋಗೋದು ನಿನ್ನ ಬ್ರಷ್."

ಅವಳು ಚಿಕ್ಕಮ್ಮನ ಹಿಂದಕ್ಕೆ ಸರಿದಳು.

"ಭುಜ ತೋರಿಸೋಕೆ ಹೋದವನಿಗೆ ಮಂಡಿ ಸುದ್ದಿ ಯಾರು ಹೇಳ್ತಾರೆ ಸಾರ್?" ಎಂದ ಅವನು.

ಮುಂದಕ್ಕೆ ಬಾಗಿ ಖಾಲಿ ಜಾಗದಲ್ಲಿ ಗೂಳಿಯ ಹಣೆಯ ಗೆರೆ ಎಳೆದ. ಗದ್ದ ಎಳೆದ. ಒಮ್ಮೆ ಮಾತ್ರ ತಲೆ ಎತ್ತಿ ಗುಂಪಿನ ನಡುವೆ ಅವಳನ್ನು ನೋಡಿದ. ಹೆದರಬೇಡಿ, ನನ್ನಿಂದ ಹೊರಗೆ ಹೋಗಲ್ಲ ಎನ್ನುವ ನೋಟ ಅದು. ಮತ್ತೆ ತಲೆ ತಗ್ಗಿಸಿ ಬಣ್ಣ ತುಂಬತೊಡಗಿದ. ಗೂಳಿ ಬರುವುದಿಲ್ಲ ಎಂದು ನಂಬಿದವನು, ಅವಳ ಗುಟ್ಟು ಕಾಯಲು, ಎಲ್ಲರಿಗಿಂತ ದೊಡ್ಡದಾಗಿ ಗೂಳಿಯನ್ನೇ ಬರೆಯುತ್ತಿದ್ದ.

ಅವಳಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ನಾನು ಹೇಳಿದ್ದು ಸುಳ್ಳು ಎಂದು ಅವನ ಕಿವಿಯಲ್ಲಿ ಉಸುರಬೇಕು. ಆದರೆ ಹಾಗೆ ಹೇಳಿದರೆ ಗೂಳಿ ಆಡುತ್ತಾನೆ ಎಂದು ಹೇಳಿದಂತೆಯೇ, ಕೋಚ್‌ಗೆ ಕೊಟ್ಟ ಮಾತು ಮುರಿದಂತೆಯೇ. ತಾನೇ ಒಡ್ಡಿದ ಬಲೆಯಲ್ಲಿ ತಾನೇ ಸಿಕ್ಕಿಬಿದ್ದಿದ್ದಳು.

"ಯಾಕೆ ಹೀಗೆ ಮುಖ ಊದಿಸಿಕೊಂಡಿದ್ದೀಯ?" ಎಂದು ದಾರಿಯಲ್ಲಿ ಚಿಕ್ಕಮ್ಮ ಕೇಳಿದಳು. "ಗೂಳಿ ಆಡಲ್ವಾ?"

"ಎಲ್ಲಾದಕ್ಕೂ ಗೂಳಿನೇನಾ ಚಿಕ್ಕಮ್ಮ!"

ಚಿಕ್ಕಮ್ಮ ಅವಳನ್ನು ಓರೆಗಣ್ಣಿನಿಂದ ನೋಡಿದಳೇ ಹೊರತು ಮತ್ತೆ ಕೇಳಲಿಲ್ಲ.

ಭಾನುವಾರ ಗ್ಯಾಲರಿ ಕಿಕ್ಕಿರಿದಿತ್ತು. ಬ್ಯಾನರ್ ಇಳಿಬಿಟ್ಟಾಗ ಗೂಳಿಯ ಮುಖ ನೋಡಿ ಜನ ಹುಚ್ಚೆದ್ದು ಕೂಗಿದರು. ಪೇಂಟರ್ ಮಾತ್ರ ಮೂಲೆಯ ಸೀಟಿನಲ್ಲಿ, ಶಿಕ್ಷೆಗೆ ಕಾಯುವವನಂತೆ ಮೊಣಕಾಲುಗಳ ನಡುವೆ ಕೈ ಇಟ್ಟುಕೊಂಡು ಕೂತಿದ್ದ. ಅವಳ ಕಣ್ಣು ಮೈದಾನದ ಕಡೆ ಹೋಗಲೇ ಇಲ್ಲ.

ತಂಡ ಹೊರಗೆ ಬಂತು. ಎಲ್ಲರಿಗಿಂತ ಮುಂದೆ, ತಲೆ ತಗ್ಗಿಸಿಕೊಂಡು, ಗೂಳಿ ಓಡಿ ಬಂದ.

ಮುಗಿಲು ಹರಿದು ಬೀಳುವ ಹಾಗೆ ಸದ್ದು. ಬೇಕರಿಯವರು ಪೇಂಟರನನ್ನು ಅಪ್ಪಿ ಎತ್ತಿಬಿಟ್ಟರು. ಅವರ ತೋಳುಗಳ ನಡುವಿನಿಂದ ಅವನು ಅವಳನ್ನು ಹುಡುಕಿ ನೋಡಿದ. ಎರಡು ಕಣ್ಣೂ ತೆರೆದೇ ಇದ್ದವು. ಆಮೇಲೆ ಅಪ್ಪುಗೆ ಬಿಡಿಸಿಕೊಂಡು, ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಮೆಟ್ಟಿಲಿಳಿದು ಹೋದ.

ಅವಳೂ ಎದ್ದು ಓಡಿದಳು. ಗ್ಯಾಲರಿಯ ಕೆಳಗಿನ ಉದ್ದನೆಯ ಓಣಿಯಲ್ಲಿ, ನೀರಿನ ನಲ್ಲಿಯ ಹತ್ತಿರ ಅವನು ನಿಂತಿದ್ದ.

"ಗುರುವಾರವೇ ಗೊತ್ತಿತ್ತಾ ನಿಮಗೆ?" ಎಂದು ಕೇಳಿದ.

"ಗೊತ್ತಿತ್ತು."

"ಅಂದ್ರೆ ನನ್ನ ಪರೀಕ್ಷೆ ಮಾಡಿದ್ರಿ."

"ಹೌದು. ನಿನ್ನೆ ಹೇಳಿಬಿಡೋಣ ಅಂತ ಬಾಯಿವರೆಗೂ ಬಂತು. ಹೇಳಿದ್ರೆ ಗೂಳಿ ಗುಟ್ಟು ಹೋಗ್ತಿತ್ತು."

"ನಿನ್ನೇದಕ್ಕೆ ನನಗೆ ಸಿಟ್ಟಿಲ್ಲ ಮೇಡಂ. ಗುರುವಾರದ್ದಕ್ಕೆ ಸಿಟ್ಟು. ಬ್ರಷ್ ಹೋಗುತ್ತಲ್ಲ ಅಂತ ಅಲ್ಲ. ಊರೆಲ್ಲ ಆ ಮುಖ ನೋಡಿ ಕುಣಿಯುತ್ತೆ, ನಾನು ಎಲ್ಲರಿಗೂ ಮೋಸ ಮಾಡ್ತಿದೀನಿ ಅಂದ್ಕೊಂಡು ನಿದ್ದೆ ಮಾಡಿಲ್ಲ."

"ತಪ್ಪಾಯ್ತು," ಎಂದಳು. ಆದರೆ ಬಗ್ಗಿದ ತಲೆ ಮರುಕ್ಷಣವೇ ಎದ್ದಿತು. "ನೀವೇನು ಹರಿಶ್ಚಂದ್ರನಾ? ಭುಜದ ನೋವು ನಿಜವಾ? ಯಾವ ಭುಜದ್ದು?"

ಅವನ ಕಿವಿ ಕೆಂಪಾಯಿತು. "ಅದು ಬೇರೆ ಥರದ ಸುಳ್ಳು."

"ಮಂಡಿ ಸುದ್ದಿಗೆ ಬಂದಿದ್ದು ತಾನೇ?"

"ನಿಮ್ಮ ಕ್ಲಿನಿಕ್ಕಿನ ಬೋರ್ಡ್ ಯಾರು ಬರೆದಿದ್ದು, ನೆನಪಿದೆಯಾ? ಆವಾಗ ಗೂಳಿ ಮಂಡಿ ನೆಟ್ಟಗೇ ಇತ್ತು." ಅವನು ಗೋಡೆ ನೋಡುತ್ತಾ ಹೇಳಿದ. "ಬೋರ್ಡ್ ಬರೆಯುವಾಗ ಜನ ಕೆಳಗೆ ನಿಂತು ತಪ್ಪು ಹುಡುಕ್ತಾರೆ. ನೀವು ಏಣಿ ಹಿಡ್ಕೊಂಡು ನಿಂತಿದ್ರಿ, ಮುಗಿಯೋವರೆಗೂ. ನೆಲ ಸಮ ಇಲ್ಲ, ಬಿದ್ದೀರಿ ಅಂದ್ರಿ. ಮತ್ತೆ ಬರೋಕೆ ಒಂದು ನೆಪ ಹುಡುಕ್ತಾ ಇದ್ದೆ. ಧೈರ್ಯ ಮಾಡೋಷ್ಟರಲ್ಲಿ ಗೂಳಿ ಮಂಡಿ ತಿರುಚ್ಕೊಂಡ. ನನ್ನ ಹಣೆಬರಹ."

ಅವಳಿಗೆ ಆ ಏಣಿ ನೆನಪಾಯಿತು. ಮೇಲಿನಿಂದ ಬಣ್ಣದ ಹನಿ ಬಿದ್ದು ಹಾಳಾದ ದುಪಟ್ಟಾ ನೆನಪಾಯಿತು. ಇವನ ಮುಖವನ್ನು ಅಂದು ಸರಿಯಾಗಿ ನೋಡಿರಲೇ ಇಲ್ಲ.

"ನೀವು ನನಗೆ ಇಷ್ಟ ಆಗಿಬಿಟ್ರಿ," ಎಂದಳು. "ಈ ಪಂದ್ಯ ಆದ್ಮೇಲೆ ಬರದೇ ಹೋಗ್ತೀರೇನೋ ಅಂತ ಹೆದರಿಕೆ ಆಯ್ತು. ಬೇಡವಾಗಿದ್ರೆ ಪರೀಕ್ಷೆ ಯಾಕೆ ಮಾಡ್ತಿದ್ದೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ತಲೆಯ ಮೇಲಿನ ಗ್ಯಾಲರಿ ನಡುಗಿತು. ಸಾವಿರ ಕಾಲುಗಳು ಒಟ್ಟಿಗೇ ಹಾರಿ ಕುಣಿದವು.

"ಗೋಲು! ನಮ್ಮದೇ..." ಎಂದವನ ಒಂದು ಕಾಲು ತಾನಾಗಿಯೇ ಮೆಟ್ಟಿಲಿನ ಕಡೆ ಹೋಯಿತು. ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಕಾಲನ್ನು ಮೆಲ್ಲಗೆ ವಾಪಸು ತಂದುಕೊಂಡ.

"ಹೋಗಿ," ಎಂದಳು.

"ಇಲ್ಲ. ಈಗ ಹೇಳಿದ್ರಲ್ಲ, ಸದ್ದಿನಲ್ಲಿ ಎಲ್ಲಿ ಕಳೆದುಹೋಯ್ತೋ. ಇನ್ನೊಂದು ಸಲ ಹೇಳಿ."

ಅವಳು ಹತ್ತಿರ ಬಂದು ಹೇಳಿದಳು. ಅವನ ಒಂದು ಕಣ್ಣು ಮುಚ್ಚಿತು, ಆಮೇಲೆ ಇನ್ನೊಂದು.

ಮೇಲಿನಿಂದ ಚಿಕ್ಕಮ್ಮನ ಗಂಟಲು ಕೇಳಿಸಿತು: "ಎಲ್ಲಿ ಸತ್ತೆಯೇ! ಗೂಳಿ ಹೊಡೆದ ಕಣೇ, ಅದೇ ಕಾಲಲ್ಲಿ ಹೊಡೆದ!"

"ಬನ್ನಿ," ಎಂದು ಅವಳು ಅವನ ಕೈ ಹಿಡಿದು ಎಳೆದಳು. "ಅಷ್ಟು ದಿನ ತಿಕ್ಕಿ ತೀಡಿದ ಮಂಡಿ ರೀ ಅದು. ಓಡೋದನ್ನ ನಾನೂ ನೋಡಬೇಕು."

"ನನಗಿನ್ನೂ ಸಿಟ್ಟು ಹೋಗಿಲ್ಲ."

"ಇರಲಿ. ಜೊತೆಗೇ ಇಟ್ಕೊಂಡು ಬನ್ನಿ."

ಮೆಟ್ಟಿಲು ಮುಗಿದು ಬೆಳಕು ಬಂದರೂ ಇಬ್ಬರೂ ಕೈ ಬಿಡಲಿಲ್ಲ. ಚಿಕ್ಕಮ್ಮ ಅವಳ ಮುಖ ನೋಡಿದಳು, ಪೇಂಟರನ ಮುಖ ನೋಡಿದಳು, ಇಬ್ಬರ ಕೈ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಡ್ರಿಲ್ ಮೇಷ್ಟ್ರನ್ನು ಆಚೆ ಸರಿಸಿ, ಇಬ್ಬರಿಗೆ ಜಾಗ ಮಾಡಿಕೊಟ್ಟಳು.