ನಲವತ್ತಮೂರನೆಯ ಅಡಿಟಿಪ್ಪಣಿ

ಪ್ರೇಮಿಗಳ ಬದುಕಿನಲ್ಲಿ ಅಡಿಟಿಪ್ಪಣಿಗಳ ಪಾತ್ರವನ್ನು ಇದುವರೆಗೆ ಯಾರೂ ಗಂಭೀರವಾಗಿ ಪರಿಗಣಿಸಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗುತ್ತಿದೆ. ವಿಷಯ: ನಲವತ್ತಮೂರನೆಯ ಅಡಿಟಿಪ್ಪಣಿ, ಒಟ್ಟು ನಾಲ್ಕು ಪದ.

'ಜನಪದ ಪಾಠ. ಕರ್ತೃ ಅಜ್ಞಾತ.'

ನಟ ಅದರ ಮೇಲೆ ಬೆರಳಿಟ್ಟು ಗ್ರಂಥಾಲಯದ ಮೇಜಿನ ಬಳಿ ನಿಂತಿದ್ದ. ಎದುರಿಗಿದ್ದವಳು ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಅದನ್ನು ಬರೆದ ಸಂಶೋಧಕಿ.

"ಈ ಅಜ್ಞಾತ ನಾನೇ ಅಲ್ವಾ?"

ಅವನು ಕೂಗಾಡಿದ್ದರೆ ಅವಳು ಬಚಾವಾಗುತ್ತಿದ್ದಳು... ಪ್ರಬಂಧ ಮುಚ್ಚಿಟ್ಟು ಸುಮ್ಮನೆ ಹೋದ.

ನದಿ ದಾಟಿ ಹೋದ ಹೆಂಡತಿಯ ಕಥೆ ಮೂರು ಭಾಷೆಗಳ ಹಾಡು, ನಾಟಕ, ರೇಡಿಯೋಗಳಲ್ಲಿ ಹೇಗೆಲ್ಲ ಬದಲಾಗುತ್ತದೆ ಎಂಬುದು ಅವಳ ಅಧ್ಯಯನ. ಎಲ್ಲೆಡೆ ಹೋದವಳು ಹೋದವಳೇ. ಅವನೇ ಕಟ್ಟಿದ ನಾಟಕದಲ್ಲಿ ಮಾತ್ರ ಅವಳ ದೋಣಿ ಹಿಂದಿರುಗುತ್ತದೆ. ಯಾಕೆಂದು ಒಂದು ಸಂಜೆ ಮುಖದ ಬಣ್ಣ ಒರೆಸಿಕೊಳ್ಳುತ್ತ ಅವಳೊಬ್ಬಳಿಗೇ ಹೇಳಿದ್ದ. ಅವನ ಏಳನೇ ವಯಸ್ಸಿನಲ್ಲಿ ಅಮ್ಮ ಮನೆಬಿಟ್ಟು ಹೋಗಿದ್ದಳು. ರಂಗದ ಮೇಲಾದರೂ ಒಬ್ಬಳನ್ನು ವಾಪಸ್ ಕರೆತರೋಣ ಅನ್ನಿಸಿತಂತೆ.

ಅವಳು ಮನಸೋತದ್ದು ಆ ಸಂಜೆಯೇ.

ಬರೆಯಲು ಕೂತಾಗ ಮಾತ್ರ ಲೆಕ್ಕಾಚಾರ ಬೇರೆಯಾಯಿತು. ಆ ಮುಕ್ತಾಯ ನಟನೊಬ್ಬನ ಕಲ್ಪನೆ ಎಂದರೆ ಪರೀಕ್ಷಕರು ಮೂಗು ಮುರಿಯುತ್ತಾರೆ, ಜನಪದ ಎಂದರೆ ತಲೆದೂಗುತ್ತಾರೆ. ಅವಳಿಗೆ ತಲೆದೂಗುವವರು ಬೇಕಿತ್ತು.

ಹತ್ತು ದಿನ ಅವನು ಫೋನ್ ಎತ್ತಲಿಲ್ಲ. ಒಂದು ಸಾಲು ತಾನೆ, ಕ್ಷಮೆ ಕೇಳಿ ಮುಗಿಸೇ ಎಂದಳು ಅಕ್ಕ. ಅವನ ಹೆಸರು ಕಿತ್ತುಕೊಂಡದ್ದು ಎಲ್ಲರೆದುರು, ಕ್ಷಮೆ ಮಾತ್ರ ಗುಟ್ಟಾಗಿ ಕಿವಿಯಲ್ಲಿ ಕೇಳುವುದೇ ಎನಿಸಿತು ಅವಳಿಗೆ. ಮೌಖಿಕ ಪರೀಕ್ಷೆಯ ದಿನ, ಗಂಟೆ, ಕೊಠಡಿ ಬರೆದು ಅವನಿಗೊಂದು ಚೀಟಿ ಕಳಿಸಿದಳು.

ಅವನು ಬಂದ. ಬಾಗಿಲಿನ ಪಕ್ಕ, ಕೊನೆಯ ಸಾಲಿನಲ್ಲಿ ಕೂತ.

ಹಿರಿಯ ಪರೀಕ್ಷಕರು ಹುಡುಕಿ ಹುಡುಕಿ ಹೊಗಳಿದ್ದು ಆ ಜನಪದ ಪಾಠವನ್ನೇ. ಅಪರೂಪದ ಶೋಧ ಎಂದರು. ಸುಮ್ಮನಿದ್ದರೆ ಸಾಕಿತ್ತು.

"ಅದು ಸುಳ್ಳು, ಸರ್," ಎಂದಳು. "ಕಟ್ಟಿದ್ದು ಯಾರು ಅಂತ ಗೊತ್ತಿದ್ದೇ ಹಾಗೆ ಬರೆದೆ. ಅವರು ಹಿಂದೆ ಕೂತಿದಾರೆ."

ಕತ್ತುಗಳೆಲ್ಲ ಹಿಂದೆ ತಿರುಗಿದವು. ಮಾರ್ಗದರ್ಶಕಿ ಹಣೆ ಒತ್ತಿಕೊಂಡರು.

ಮೆಟ್ಟಿಲ ಬಳಿ ಅವನು ಕಾದಿದ್ದ.

"ಅಮ್ಮನ ವಿಷಯ ಹೇಳಲೇ ಇಲ್ವಲ್ಲ."

"ಅದು ನೀನು ನಂಗೆ ಹೇಳಿದ್ದು. ಪ್ರಬಂಧಕ್ಕಲ್ಲ."

"ಪದವಿ ಹೋದ್ರೆ?"

"ಹೋಗ್ಲಿ... ನೀನು ಹೋಗ್ಬೇಡ."

ಅವನು ಅವಳ ಕೈಯಿಂದ ಭಾರದ ಚೀಲ ತೆಗೆದುಕೊಂಡ.

"ನನ್ನ ನಾಟಕದಲ್ಲಿ ಹೋದವರು ವಾಪಸ್ ಬರ್ತಾರೆ ಕಣೇ. ನೀನೇ ಬರ್ದಿದೀಯಲ್ಲ."

ಪ್ರಬಂಧ ತಿದ್ದಲು ಆರು ತಿಂಗಳು ಕೊಟ್ಟರು. ಐದನೇ ತಿಂಗಳಲ್ಲಿ ಮದುವೆಯಾಯಿತು.